ಕಲ್ಲಪ್ಪ ಕೇಳಿದ ಮಣ್ಣು

ಪರ್ ಪರ್, ಪರ್ ಪರ್. ಬೆಳಗ್ಗೆ ದೀಪ ಹಾಕಿದ ಹತ್ತು ನಿಮಿಷಕ್ಕೆಲ್ಲ ಆ ಸದ್ದು ಶುರುವಾಗುತ್ತಿತ್ತು. ಪೆಟ್ಟಿಗೆಯ ತಳಕ್ಕೆ ಹಾಸಿದ ನ್ಯೂಸ್‌ಪೇಪರನ್ನು ಆಮೆ ಕೆರೆಯುವ ಸದ್ದು. ದಿನವೂ ಅದೇ ಮೂಲೆ, ಅದೇ ವರಸೆ. ಬಲಗಾಲಲ್ಲಿ ನಾಲ್ಕು ಸಲ, ಎಡಗಾಲಲ್ಲಿ ನಾಲ್ಕು ಸಲ ಕೆರೆದು, ಆಮೇಲೆ ತಲೆ ತಗ್ಗಿಸಿ ಮೂಲೆಯೊಳಕ್ಕೆ ಒಂದು ನೂಕು. ಪೇಪರ್ ಹರಿದು ಪ್ಲಾಸ್ಟಿಕ್ ತಳ ಕಾಣುವವರೆಗೂ ಬಿಡುತ್ತಿರಲಿಲ್ಲ. ತಳ ಕಂಡ ಮೇಲೂ ಬಿಡುತ್ತಿರಲಿಲ್ಲ.

ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಕಾಗದಪತ್ರದ ಸಮೇತ ನನ್ನ ಕೈಗೆ ಒಪ್ಪಿಸಿ ಹೋದ ಆಮೆ ಅದು. (ಕಾಗದಪತ್ರ ಅಂತ ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ನೆಲದ ಆಮೆಗಳ ಇಡೀ ಕುಟುಂಬವೇ ಸೈಟಿಸ್ ಒಪ್ಪಂದದ, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿದೆ. ಚಿಪ್ಪಿನ ಚೆಂದಕ್ಕೇ ಕಳ್ಳಸಾಗಣೆಯಾಗುವ ನಕ್ಷತ್ರ ಆಮೆಯನ್ನು 2019ರಲ್ಲಿ ಅದರ ಅತಿ ಕಟ್ಟುನಿಟ್ಟಿನ ಒಂದನೇ ಅನುಬಂಧಕ್ಕೆ ಸೇರಿಸಿದರು. ಯಾವುದನ್ನು ಸಾಕಬಹುದು, ಯಾವುದನ್ನು ಮುಟ್ಟಲೂ ಬಾರದು ಎನ್ನುವುದು ಮೊದಲು ಇತ್ಯರ್ಥವಾಗಲಿ, ಮಣ್ಣಿನ ಮಾತು ಆಮೇಲೆ.) ಹಾರ್ಸ್‌ಫೀಲ್ಡ್ ಆಮೆ, ರಷ್ಯನ್ ಆಮೆ ಅಂತಲೂ ಕರೆಯುತ್ತಾರೆ. ಅಂಗೈಗಿಂತ ಕೊಂಚ ದೊಡ್ಡದು, ಮೇಲಿಂದ ನೋಡಿದರೆ ಹೆಚ್ಚುಕಡಿಮೆ ದುಂಡಗೆ. ಅಲ್ಲಾಡದೆ ಕೂತರೆ ಹೊಳೆಯಿಂದ ಎತ್ತಿ ತಂದ ಕಲ್ಲೇ ಸರಿ. ಅದಕ್ಕೇ ಕಲ್ಲಪ್ಪ ಅಂತ ಹೆಸರಿಟ್ಟೆ.

ಪೇಪರ್ ಹಾಸಿದ್ದಕ್ಕೆ ನನ್ನ ಬಳಿ ಕಾರಣವಿತ್ತು. ಹೊಲಸಾದರೆ ಸುತ್ತಿ ಎಸೆದರಾಯಿತು, ಮಲ ಹೇಗಿದೆ ಅಂತ ಸರಿಯಾಗಿ ಕಾಣುತ್ತದೆ, ಹುಳ ಹುಪ್ಪಟೆಯ ಗೋಳಿಲ್ಲ. ಕಾಯಿಲೆ ಬಿದ್ದ ಆಮೆಯನ್ನು ನಾಲ್ಕು ದಿನ ಕಣ್ಣಿಟ್ಟು ನೋಡಿಕೊಳ್ಳಬೇಕಾದಾಗ ಡಾಕ್ಟರುಗಳೂ ಪೇಪರ್ ಮೇಲೆಯೇ ಇಡಿಸುತ್ತಾರೆ. ಆದರೆ ಆ ಅನುಕೂಲವೆಲ್ಲ ನನ್ನದು. ನುಣ್ಣನೆಯ ನೆಲದಲ್ಲಿ ಆಮೆಯ ಕಾಲು ಹಿಡಿತ ಸಿಗದೆ ಪಕ್ಕಕ್ಕೆ ಜಾರುತ್ತದೆ. ಎಳೆಯ ಆಮೆಯಾದರೆ ಕಾಲಿನ ಬೆಳವಣಿಗೆಗೇ ತೊಂದರೆ. ಉಗುರು ಸವೆಯುವುದಿಲ್ಲ. ಮುಖ್ಯವಾಗಿ, ಮೈ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ.

ಒಂದು ದಿನ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಾ ನಿಂತಿದ್ದಳು. "ಅದಕ್ಕೆ ಮಣ್ಣು ಬೇಕು ಕಣೋ. ಕೇಳ್ತಾ ಇದೆ, ನೀನು ಪೇಪರ್ ಓದಿಸ್ತಾ ಇದೀಯ" ಅಂದಳು.

ಅಮ್ಮನ ಮಾತು ಕೇಳಿ ನೇರ ಮಣ್ಣಿಗೆ ಕೈ ಹಾಕಿದ್ದರೆ ಈ ಬರಹಕ್ಕೆ ಕೆಲಸವಿರುತ್ತಿರಲಿಲ್ಲ. ನಾನು ಹೋದದ್ದು ಅಂಗಡಿಗೆ. 'ಮರುಭೂಮಿಯ ಪ್ರಾಣಿಗಳಿಗೆ' ಅಂತ ಬರೆದ ಬಣ್ಣದ ಪ್ಯಾಕೆಟ್ಟಿನಲ್ಲಿ ಕ್ಯಾಲ್ಸಿಯಂ ಮರಳು ಸಿಕ್ಕಿತು. "ತಿಂದರೂ ಜೀರ್ಣವಾಗುತ್ತೆ ಸಾರ್, ಚಿಪ್ಪಿಗೆ ಒಳ್ಳೇದೇ" ಅಂದ ಅಂಗಡಿಯವನು. ಯೋಚಿಸಿ ನೋಡಿದರೆ ಅದೇ ಅದರ ದೋಷ. ಆಮೆಗಳು ಸುಣ್ಣದ ಅಂಶ ಹುಡುಕಿಕೊಂಡು ಹೋಗಿ ಮಣ್ಣು ತಿನ್ನುವುದುಂಟು. ಬಯಲಲ್ಲಿ ಅದು ಒಂದು ಬಾಯಿ, ಎರಡು ಬಾಯಿ. ನೆಲವೇ ಕ್ಯಾಲ್ಸಿಯಂ ಆಗಿಬಿಟ್ಟರೆ ತಿನ್ನುವುದಕ್ಕೆ ಮಿತಿ ಎಲ್ಲಿ? ಮರಳು ಕರುಳಿನಲ್ಲಿ ಕಟ್ಟಿಕೊಂಡರೆ ಆಮೆ ಮೇವು ಬಿಡುತ್ತದೆ, ಮಲ ನಿಲ್ಲುತ್ತದೆ, ನಾವು ಗಮನಿಸುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಎರಡನೇ ದಿನ ಕಲ್ಲಪ್ಪ ಬೇಕೆಂದೇ ಬಾಯಿ ತುಂಬ ಮರಳು ಹಾಕಿಕೊಂಡದ್ದನ್ನು ಕಣ್ಣಾರೆ ಕಂಡು ಅಷ್ಟನ್ನೂ ಬಳಿದು ತೆಗೆದೆ. ಒಣ ಮರಳಿಗೆ ಇನ್ನೊಂದು ಗುಣವೂ ಇದೆ. ಅಗೆದಷ್ಟೂ ಕುಸಿಯುತ್ತದೆ. ಬಿಲ ಅಂತ ಒಂದು ನಿಲ್ಲುವುದೇ ಇಲ್ಲ.

ಮುಂದಿನ ತಪ್ಪಿಗೆ ಕುಂಡದ ಮಣ್ಣು. ಅಮ್ಮನ ಗಿಡಗಳಿಗೆಂದು ತಂದಿದ್ದ ರೆಡಿಮೇಡ್ ಮಿಶ್ರಣ, ಕಪ್ಪಗೆ, ಹಗುರವಾಗಿ, ನೋಡಲು ಬಲು ಚೆಂದ. ಅದರೊಳಗೆ ಪರ್ಲೈಟಿನ ಬಿಳಿ ಕಾಳು ಇರುತ್ತವೆ ಎನ್ನುವುದು ನನಗೆ ನೆನಪಾದದ್ದು ಮೂರು ದಿನದ ಮೇಲೆ ಮಲದಲ್ಲಿ ಎರಡು ಬಿಳಿ ಮುತ್ತು ಕಂಡಾಗ. ಕಪ್ಪು ನೆಲದಲ್ಲಿ ಬಿಳಿಯದೇನಾದರೂ ಕಂಡರೆ ಕಲ್ಲಪ್ಪ ಬಾಯಿ ಹಾಕದೆ ಬಿಟ್ಟದ್ದಿಲ್ಲ. ಅಂಥ ಮಣ್ಣಿಗೆ ಗೊಬ್ಬರದ ಗುಳಿಗೆಯನ್ನೂ ಬೆರೆಸಿರುತ್ತಾರೆ. ಚೀಲದ ಹಿಂಬದಿಯ ಸಣ್ಣಕ್ಷರ ಓದದೆ ಗಿಡಕ್ಕೆ ಹಾಕಬಹುದು, ಆಮೆಗೆ ಹಾಕಬಾರದು.

ದೇವದಾರು ಜಾತಿಯ ಮರದ ಹೊಟ್ಟು, ಮೆಕ್ಕೆಜೋಳದ ದಿಂಡಿನ ಚೂರು, ಬೆಕ್ಕಿನ ಮಲಮೂತ್ರಕ್ಕೆಂದು ಹಾಸುವ ಲಿಟರ್ ಹರಳು, ಇವನ್ನೆಲ್ಲ ನಾನು ಪ್ರಯತ್ನಿಸಲಿಲ್ಲ. ಪ್ರಯತ್ನಿಸುವ ಅಗತ್ಯವೂ ಇಲ್ಲ. ಮೊದಲನೆಯದರ ಘಾಟು ಎಣ್ಣೆ ಉಸಿರಾಟದ ದಾರಿಯನ್ನು ಕೆಣಕುತ್ತದೆ. ಉಳಿದೆರಡು ಹೊಟ್ಟೆಗೆ ಹೋದರೆ ಅಲ್ಲೇ ಉಬ್ಬಿ ಕೂರುತ್ತವೆ.

ಇಷ್ಟಾದ ಮೇಲೆ ನಾನು ಕೂತು ಓದಿದೆ. ಓದಿದಾಗ ಮೊದಲು ತಟ್ಟಿದ್ದು ನನ್ನ ಒಂದು ಮೂಲಭೂತ ತಪ್ಪು ತಿಳಿವಳಿಕೆ.

ಕಲ್ಲಪ್ಪನ ಕುಲದವರು ಮಧ್ಯ ಏಷ್ಯಾದವರು. ಕಜಕಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ಆಫ್ಘಾನಿಸ್ತಾನದ ಕಡೆಯ ಒಣ ಬಯಲುಗಳೇ ಅವರ ನೆಲೆ. ಬೇಸಿಗೆಯಲ್ಲಿ ಸುಡು ಬಿಸಿಲು, ಚಳಿಗಾಲದಲ್ಲಿ ಹಿಮ. ಇದನ್ನು ಓದಿದವರೆಲ್ಲ ಮಾಡುವಂತೆ ನಾನೂ ಲೆಕ್ಕ ಹಾಕಿದ್ದೆ: ಒಣ ಪ್ರದೇಶದ ಪ್ರಾಣಿ, ಹಾಗಾಗಿ ಒಣ ನೆಲ. ಆದರೆ ಆ ಆಮೆ ಅಲ್ಲಿ ಬದುಕುವುದು ನೆಲದ ಮೇಲಲ್ಲ, ನೆಲದ ಒಳಗೆ. ವಸಂತದಲ್ಲಿ ಹುಲ್ಲು ಚಿಗುರಿದ ಮೂರು ತಿಂಗಳು ಹೊರಗೆ ಓಡಾಡಿ ಮೇದು, ಬಿಸಿಲೇರಿದ ಮೇಲೆ ಬಿಲ ಸೇರಿ ಬೇಸಿಗೆಯ ನಿದ್ದೆಗೆ ಬಿದ್ದು, ಅಲ್ಲಿಂದಲೇ ಚಳಿಗಾಲದ ನಿದ್ದೆಗೆ ಹೊರಳಿಬಿಡುತ್ತದೆ. ವರ್ಷದ ಮುಕ್ಕಾಲು ಪಾಲು ಮಣ್ಣೊಳಗೇ. ಬಿಲ ಎರಡು ಮೀಟರ್‌ವರೆಗೂ ಹೋಗುವುದುಂಟು. ಆ ಆಳದಲ್ಲಿ ಮಣ್ಣು ತಂಪು, ಗಾಳಿಯಲ್ಲಿ ಪಸೆ. ಹವಾಮಾನದ ಪುಸ್ತಕ ಕೊಡುವ ತೇವಾಂಶದ ಅಂಕಿ ಆಳೆತ್ತರದಲ್ಲಿ ಬೀಸುವ ಗಾಳಿಯದು. ಆಮೆಯ ಮೂಗಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾರ್ಸ್‌ಫೀಲ್ಡ್ ಆಮೆಗೆ ಮುಂಗಾಲಿನಲ್ಲಿ ನಾಲ್ಕೇ ಉಗುರು, ಗುದ್ದಲಿಯ ಹಾಗೆ ಅಗಲ. ಇಂಥ ಆಯುಧ ಹೊತ್ತ ಜೀವವನ್ನು ಪೇಪರ್ ಮೇಲೆ ಇಟ್ಟಿದ್ದೆ. (ಈ ಜಾತಿಗೆ ವಿಚಿತ್ರ ಹಾರಾಟದ ಯೋಗವೂ ಇತ್ತು. 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಜೋಂಡ್-5 ನೌಕೆಯಲ್ಲಿ ಕೂತು ಚಂದ್ರನನ್ನು ಸುತ್ತಿ ಜೀವಂತ ಮರಳಿದವು ಎರಡು ಹಾರ್ಸ್‌ಫೀಲ್ಡ್ ಆಮೆಗಳೇ. ಅಗೆಯುವುದಕ್ಕೇ ಹುಟ್ಟಿದ್ದನ್ನು ಅಷ್ಟು ದೂರ ನೆಲ ಬಿಡಿಸಿ ಕಳಿಸಿದ್ದು ನೆನೆದರೆ ನನ್ನ ಪೇಪರಿನ ಪಾಪ ಸ್ವಲ್ಪ ಹಗುರಾಗುತ್ತದೆ.)

ಬಿಲದ ಪಸೆ ಯಾಕೆ ಅಷ್ಟು ಮುಖ್ಯ ಅಂತ ತಿಳಿಯಲು ಚಿಪ್ಪನ್ನು ನೋಡಬೇಕು. ಮೇಲಿನ ಒಂದೊಂದು ಬಿಲ್ಲೆಯೂ ನಮ್ಮ ಉಗುರಿನಂಥದೇ ಕೆರಾಟಿನ್. ಅದು ಬೆಳೆಯುವುದು ಅಂಚಿನಲ್ಲಿ, ಬಿಲ್ಲೆ ಬಿಲ್ಲೆಗಳ ನಡುವಿನ ಸಂದಿನಲ್ಲಿ. ಎಳೆಯ ಆಮೆಯನ್ನು ಸದಾ ಒಣಗಿದ ಗಾಳಿಯಲ್ಲಿ, ತಲೆಯ ಮೇಲೆ ಉರಿಯುವ ದೀಪದ ಕೆಳಗೆ ಬೆಳೆಸಿದರೆ ಬಿಲ್ಲೆಗಳು ಚಪ್ಪಟೆಯಾಗಿ ಹರಡದೆ ಒಂದೊಂದೂ ಗೋಪುರದ ಹಾಗೆ ಮೇಲೇಳುತ್ತವೆ. ಬಹಳ ಕಾಲ ಇದಕ್ಕೆ ಪ್ರೊಟೀನ್ ಹೆಚ್ಚಾದದ್ದೇ ಕಾರಣ ಎನ್ನುತ್ತಿದ್ದರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಲ್ಕಾಟಾ ಜಾತಿಯ, ಆಗಷ್ಟೇ ಮೊಟ್ಟೆಯೊಡೆದು ಬಂದ 50 ಮರಿಗಳನ್ನು ಐದು ತಿಂಗಳು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೊಟೀನ್ ಕೊಟ್ಟು ಬೆಳೆಸಿ ನೋಡಿದರು. ಒಣ ಗಾಳಿಯಲ್ಲಿ ಬೆಳೆದವುಗಳ ಚಿಪ್ಪು ಗುಡ್ಡೆಗಟ್ಟಿತು, ಪ್ರೊಟೀನಿನ ಪಾಲು ಅಲ್ಪವೇ ಎಂದು ತೇಲಿತು. ಸಲ್ಕಾಟಾ ಅಂದರೆ ಸಹರಾದ ದಕ್ಷಿಣ ಅಂಚಿನದು, ಮರುಭೂಮಿಯ ಆಮೆ ಅಂತಲೇ ಹೆಸರಾದದ್ದು. ಅದಕ್ಕೂ ಬಾಲ್ಯದಲ್ಲಿ ಪಸೆಯೇ ಬೇಕು. ಕಲ್ಲಪ್ಪನ ಬೆನ್ನಿನ ಮೇಲೂ ಒಂದೆರಡು ಬಿಲ್ಲೆ ಎದ್ದಿವೆ, ನನ್ನ ಕೈಗೆ ಬರುವ ಮೊದಲಿನವು. ಎದ್ದದ್ದು ಮತ್ತೆ ಇಳಿಯುವುದಿಲ್ಲ.

ಹಾಗಾದರೆ ಒದ್ದೆ ಮಾಡೋಣ ಎಂದು ನಾನು ಇನ್ನೊಂದು ತುದಿಗೆ ಓಡಿದೆ.

ಕೋಕೊಪೀಟ್ ಇಟ್ಟಿಗೆ ತಂದೆ. ತೆಂಗಿನ ಸಿಪ್ಪೆಯ ಪುಡಿ, ಒತ್ತಿ ಕಟ್ಟಿದ್ದು. 650 ಗ್ರಾಮಿನ ಇಟ್ಟಿಗೆಯನ್ನು ಬಕೆಟ್ಟಿನ ನೀರಿಗೆ ಹಾಕಿದರೆ ಹಾಲು ಉಕ್ಕಿದ ಹಾಗೆ ಉಬ್ಬಿ ಎಂಟೊಂಬತ್ತು ಲೀಟರ್ ಆಗುತ್ತದೆ. ಸಿಪ್ಪೆಯಲ್ಲಿ ಉಪ್ಪಿನಂಶ ಉಳಿದಿರುತ್ತದೆಂದು ಎರಡು ನೀರಿನಲ್ಲಿ ತೊಳೆದು ಹಿಂಡಿ ಹಾಸಿದೆ. ಮೆತ್ತಗೆ, ಕಂದಗೆ, ಮಳೆ ನಿಂತ ತೋಟದ ವಾಸನೆ. ಕಲ್ಲಪ್ಪ ಅವತ್ತು ಮೊದಲ ಸಲ ಪೂರ್ತಿ ಮುಳುಗಿ ಮಲಗಿದ. ಮೂಗಿನ ತುದಿ ಮಾತ್ರ ಹೊರಗೆ.

ನನಗೋ ತೇವ ಇಳಿದುಬಿಟ್ಟರೆ ಎಂಬ ಭಯ. ದಿನಕ್ಕೆ ಮೂರು ಸಲ ಮೇಲಿಂದ ನೀರು ಸಿಂಪಡಿಸುತ್ತಿದ್ದೆ. ಮೂರನೇ ವಾರಕ್ಕೆ ಮುಗ್ಗಲು ವಾಸನೆ. ಬಟ್ಟಲ ಸುತ್ತ ಬಿದ್ದ ಸೊಪ್ಪಿನ ಮೇಲೆ ಬೂದಿ ಬಣ್ಣದ ಬೂಷ್ಟು. ಸ್ನಾನ ಮಾಡಿಸಲು ಎತ್ತಿ ತಿರುವಿದಾಗ ಹೊಟ್ಟೆಯ ಕಡೆಯ ಚಿಪ್ಪಿನಲ್ಲಿ ಒಂದು ಬಿಳಿ ಕಲೆ ಕಂಡಿತು. ಉಗುರಿಂದ ಒತ್ತಿದರೆ ಅಷ್ಟು ಜಾಗ ಮಾತ್ರ ಮೆತ್ತಗೆ, ನೆನೆದ ರಟ್ಟಿನ ಹಾಗೆ.

"ಚಿಪ್ಪು ಕೊಳೆಯೋಕೆ ಶುರು ಆಗಿದೆ" ಅಂದರು ಡಾಕ್ಟರು. "ಎಷ್ಟು ಒದ್ದೆ ಇಟ್ಟಿದ್ದೀರಿ?"

"ಪಸೆ ಬೇಕು ಅಂತ ಓದಿದ್ದೆ ಡಾಕ್ಟ್ರೇ."

"ಪಸೆ ಬೇಕು, ಕೆಸರು ಬೇಡ. ಮೇಲೆ ಒಣಗಿರಲಿ, ಕೆಳಗೆ ತೇವ ಇರಲಿ. ಮಳೆ ಬಂದು ಎರಡು ದಿನ ಆದಮೇಲೆ ನೆಲ ಹೇಗಿರುತ್ತೆ ನೋಡಿ, ಹಾಗೆ. ಮತ್ತೆ ಒದ್ದೆ ಜೊತೆ ಚಳಿ ಸೇರಬಾರದು. ಇವಕ್ಕೆ ನಮ್ಮ ಹಾಗೆ ಕೆಮ್ಮಿ ಕಫ ಹೊರಗೆ ಹಾಕೋಕೆ ಬರಲ್ಲ."

ಎರಡು ವಾರ ಮತ್ತೆ ಅದೇ ಪೇಪರ್, ದಿನವೂ ಹೊಟ್ಟೆ ಒರೆಸಿ ಔಷಧಿ. ಪರ್ ಪರ್ ಸದ್ದು ಮರಳಿತು.

ಆ ಎರಡು ವಾರದಲ್ಲಿ ಮಣ್ಣು ಹದ ಮಾಡುವುದನ್ನು ಅಮ್ಮನಿಂದ ಕಲಿತೆ. ಔಷಧಿ, ಗೊಬ್ಬರ ಕಾಣದ ಸಾದಾ ಮೇಲ್ಮಣ್ಣು ಮೂರು ಪಾಲು, ತೊಳೆದ ಮರಳು ಒಂದು ಪಾಲು, ಕೋಕೊಪೀಟ್ ಒಂದು ಪಾಲು. ಮಣ್ಣು ಬಿಲದ ಗೋಡೆಯನ್ನು ನಿಲ್ಲಿಸುತ್ತದೆ, ಮರಳು ಅದನ್ನು ಇಟ್ಟಿಗೆಯಂತೆ ಗಟ್ಟಿಯಾಗಲು ಬಿಡುವುದಿಲ್ಲ, ನಾರಿನ ಪುಡಿ ನೀರು ಹಿಡಿಯುತ್ತದೆ. ಮರಳು ಸೇರಿಸಲೇಬಾರದು ಎನ್ನುವ ಪಂಗಡ ಒಂದಿದೆ, ಅರ್ಧಕ್ಕರ್ಧ ಸೇರಿಸಿ ಎನ್ನುವ ಪಂಗಡ ಇನ್ನೊಂದಿದೆ. ಎರಡೂ ಕಡೆಯವರ ಆಮೆಗಳು ಚೆನ್ನಾಗಿಯೇ ಇರುವುದನ್ನು ಕಂಡಿದ್ದೇನೆ. ನನಗನ್ನಿಸುವುದು, ಜಗಳ ಅನುಪಾತದ್ದಲ್ಲ, ಕೈಯಲ್ಲಿರುವ ಮಣ್ಣಿನದು. ಜೇಡಿ ಜಾಸ್ತಿ ಇದ್ದರೆ ಮರಳು ಹೆಚ್ಚು ಕೇಳುತ್ತದೆ, ಉದುರು ಮಣ್ಣಾದರೆ ಬೇಡವೇ ಬೇಡ.

ಅಮ್ಮ ಅಳತೆಪಾತ್ರೆ ಮುಟ್ಟಲಿಲ್ಲ. ಕಲಸಿದ ಮಣ್ಣನ್ನು ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದಳು. ಬೆರಳ ಸಂದಿಯಿಂದ ನೀರು ಇಣುಕಿತು. "ಜಾಸ್ತಿ ಆಯ್ತು." ಇನ್ನಷ್ಟು ಒಣ ಮಣ್ಣು ಬಿತ್ತು. ಮತ್ತೆ ಮುಷ್ಟಿ. ಈ ಸಲ ಕೈ ಬಿಡಿಸಿದರೆ ಬೆರಳಿನ ಗುರುತು ಮೂಡಿದ ಉಂಡೆ ನಿಂತಿತು, ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದೊಡನೆ ಉದುರಿತು. "ಇದು." ತೇವಾಂಶ ಅಳೆಯುವ ಮೀಟರ್ ನನ್ನಲ್ಲೂ ಇದೆ, ಆಮೆಯ ಎತ್ತರಕ್ಕೇ ಕೂರಿಸಿದ್ದೇನೆ. ಆದರೂ ವಾರಕ್ಕೊಮ್ಮೆ ಮುಷ್ಟಿ ಹಿಡಿದು ನೋಡದೆ ನಂಬುವುದಿಲ್ಲ.

ನೀರು ಹಾಕುವ ರೀತಿ ಬದಲಾಯಿತು. ಮೇಲಿಂದ ಸಿಂಪಡಿಸುವುದು ನಿಂತಿತು. ನಾಲ್ಕು ಮೂಲೆಗೆ ನಾಲ್ಕು ತುಂಡು ಪೈಪ್ ನೆಟ್ಟು ಅದರೊಳಗೆ ಸುರಿಯುತ್ತೇನೆ. ನೀರು ತಳಕ್ಕೆ ಹೋಗಿ ಅಲ್ಲಿಂದ ಮೇಲೇರುತ್ತದೆ, ಮೇಲಿನ ಎರಡು ಬೆರಳಿನಷ್ಟು ಮಣ್ಣು ಒಣಗಿಯೇ ಇರುತ್ತದೆ. ದೀಪದ ಕೆಳಗೆ ಒಂದು ಚಪ್ಪಡಿ ಕಲ್ಲು. ಮೇವು ಅದರ ಮೇಲೆಯೇ. ಸೊಪ್ಪಿನ ಜೊತೆ ಮಣ್ಣು ಹೊಟ್ಟೆಗೆ ಹೋಗುವುದು ತಪ್ಪುತ್ತದೆ, ಉಗುರೂ ಒಂದಿಷ್ಟು ಸವೆಯುತ್ತದೆ. ಬಿಸಿ ಮಾತ್ರ ಯಾವಾಗಲೂ ಮೇಲಿನಿಂದ. ಮಣ್ಣಿನ ಅಡಿಗೆ ಹೀಟಿಂಗ್ ಮ್ಯಾಟ್ ಇಡುವವರಿದ್ದಾರೆ, ದಯವಿಟ್ಟು ಬೇಡ. ಸೆಖೆಯಾದರೆ ಕೆಳಗೆ ಹೋಗು ಅಂತ ಆಮೆಗೆ ಹುಟ್ಟಿನಿಂದ ಗೊತ್ತು. ಕೆಳಗೇ ಒಲೆ ಇದ್ದರೆ ಅದು ಬೆಂಕಿಯ ಕಡೆಗೇ ಅಗೆಯುತ್ತಾ ಹೋಗುತ್ತದೆ.

ಆಳದ ವಿಷಯದಲ್ಲಿ ಗಣಿತ ಕೈಕೊಟ್ಟಿತು. 120 ಸೆಂಟಿಮೀಟರ್ ಉದ್ದ, 60 ಅಗಲದ ಮರದ ಪೆಟ್ಟಿಗೆಗೆ 20 ಸೆಂಟಿಮೀಟರ್ ಮಣ್ಣು ತುಂಬೋಣ ಎಂದು ಹೊರಟವನು ಗುಣಿಸಿ ನೋಡಿರಲಿಲ್ಲ. 144 ಲೀಟರ್! ಹಸಿ ಮಣ್ಣೆಂದರೆ ಹೆಚ್ಚುಕಡಿಮೆ ಇನ್ನೂರು ಕಿಲೋ. ಪೆಟ್ಟಿಗೆ ಇಟ್ಟಿದ್ದ ಮೇಜು ಅರ್ಧ ತುಂಬುವಷ್ಟರಲ್ಲೇ ಕಿರುಗುಟ್ಟಿತು. ಕೊನೆಗೆ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಒಂದು ತುದಿಗೆ ಮೂವತ್ತು ಸೆಂಟಿಮೀಟರ್ ಗುಡ್ಡೆ ಮಾಡಿ ಇನ್ನೊಂದು ತುದಿಗೆ ಎಂಟಕ್ಕೆ ಇಳಿಸಿದೆ. ಏರು ತಗ್ಗು ಇದ್ದರೆ ಆಮೆಯ ಕಾಲಿಗೂ ಒಳ್ಳೆಯದು. ಬಿಲ ತೋಡದ ಚಿಕ್ಕ ಮರಿಗಾದರೆ ಮೈ ಮುಚ್ಚುವಷ್ಟು ಆಳ ಸಾಕು.

ಇದೆಲ್ಲ ಕಲ್ಲಪ್ಪನ ಜಾತಿಯ ಲೆಕ್ಕ. ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆ ತಂದವರು ಇದನ್ನೇ ನಕಲು ಮಾಡಬಾರದು. ಅದು ಕಾಡಿನಂಚಿನದು, ತೊಗಟೆ ಚೂರು, ಹಾವಸೆ, ದಪ್ಪನೆಯ ತರಗೆಲೆ ಹಾಸಿ ಬೆಚ್ಚಗೆ ತೇವವಾಗಿ ಇಡಬೇಕು. ಬೋಳು ಮಣ್ಣಾದರೆ ಅಷ್ಟು ನೀರಿಗೆ ಕೆಸರಾಗುತ್ತದೆ, ತೊಗಟೆ ಆಗುವುದಿಲ್ಲ. ಈಜಿಪ್ಟ್ ಆಮೆಯಂಥ ಪುಟ್ಟ ಜಾತಿಗೆ ಮರಳೇ ನೆಲ. 'ಆಮೆಗೆ ಯಾವ ನೆಲ ಒಳ್ಳೆಯದು?' ಎಂದು ಕೇಳಿದರೆ ನಾನು ಮೊದಲು 'ಯಾವ ಆಮೆ?' ಅನ್ನುತ್ತೇನೆ. ಎರಡನೆಯದು, 'ಎಷ್ಟು ವಯಸ್ಸು?'

ಹೊಸ ಮಣ್ಣಿಗೆ ಬಿಟ್ಟ ದಿನ ಕಲ್ಲಪ್ಪ ಗುಡ್ಡೆಯ ಬುಡಕ್ಕೆ ನಡೆದು ಹೋಗಿ ಅಲ್ಲೇ ಶುರು ಮಾಡಿದ. ಸದ್ದು ಈಗ ಬೇರೆ, ಸರ್ ಸರ್ ಅಂತ, ಪೊರಕೆಯ ಹಾಗೆ. ಮುಂಗಾಲು ಕೆರೆದ ಮಣ್ಣನ್ನು ಹಿಂಗಾಲು ಆಚೆ ತಳ್ಳುತ್ತಿತ್ತು. ಸಂಜೆಗೆ ಮುಕ್ಕಾಲು ಒಳಗೆ, ಮರುದಿನ ಮಧ್ಯಾಹ್ನಕ್ಕೆ ಪೂರ್ತಿ ಕಾಣೆ. ಅಮೆರಿಕದ ಗೋಫರ್ ಆಮೆ ನಾಲ್ಕೂವರೆ ಮೀಟರ್ ಉದ್ದದ ಬಿಲ ತೋಡುತ್ತದಂತೆ, ಮುನ್ನೂರೈವತ್ತಕ್ಕೂ ಹೆಚ್ಚು ಬಗೆಯ ಜೀವಿಗಳು ಅದನ್ನು ಆಶ್ರಯಿಸುತ್ತವಂತೆ. ನಮ್ಮದು ಅರ್ಧ ಮೀಟರಿನದು. ಒಕ್ಕಲಿಗೆ ಬಂದದ್ದು ನಾನೇ ಬಿಟ್ಟ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಹುಳಗಳು ಮತ್ತು ಕಸದಡಿ ಬದುಕುವ ವುಡ್‌ಲೌಸ್ ಹುಳಗಳು. ಬೂಷ್ಟು, ಕೊಳೆತ ಸೊಪ್ಪಿನ ಚೂರು ತಿಂದು ಮಣ್ಣನ್ನು ಚೊಕ್ಕಟವಾಗಿ ಇಡುತ್ತವೆ. ಹಾಗಂತ ದಿನವೂ ಮಲ ಎತ್ತುವ ಕೆಲಸ ಅವುಗಳ ತಲೆಗೆ ಕಟ್ಟಬಾರದು, ಅದು ನನ್ನದೇ.

ಒಂದೂವರೆ ವರ್ಷ ಹೀಗೆ ನಡೆದಿತ್ತು. ಒಂದು ವಾರ ಇದ್ದಕ್ಕಿದ್ದಂತೆ ಕಲ್ಲಪ್ಪ ಮೇವು ಬಿಟ್ಟು ಪೆಟ್ಟಿಗೆಯ ಸುತ್ತ ತಿರುಗತೊಡಗಿದ. ಅಲ್ಲಲ್ಲಿ ನಿಂತು ಕೆರೆಯುವುದು, ಬಿಟ್ಟು ಹೋಗುವುದು. ಕೆರೆಯುವುದೂ ಮುಂಗಾಲಲ್ಲಲ್ಲ, ಹಿಂಗಾಲಲ್ಲಿ. ಮರಳಿನ ಭೂತ ಇನ್ನೂ ಹೊಟ್ಟೆಯಲ್ಲಿದೆಯೋ ಎಂದು ಹೆದರಿ ಡಾಕ್ಟರ ಬಳಿ ಓಡಿದೆ. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಹೊಟ್ಟೆಯೊಳಗೆ ಸಾಲಾಗಿ ಮೂರು ಬಿಳಿ ದುಂಡು.

"ಗಂಡು ಅಂತ ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ಗಂಡಿನ ಜೊತೆ ಇಲ್ಲದೆಯೂ ಹೆಣ್ಣಾಮೆ ಬರಡು ಮೊಟ್ಟೆ ಇಡುವುದುಂಟು ಎನ್ನುವುದೂ ನನಗೆ ಗೊತ್ತಿರಲಿಲ್ಲ. ಆಳವಾದ ಹದದ ಮಣ್ಣು ಸಿಗದಿದ್ದರೆ ಮೊಟ್ಟೆಯನ್ನು ಒಳಗೇ ತಡೆದುಕೊಂಡುಬಿಡುತ್ತವೆ, ಅದು ಜೀವಕ್ಕೇ ಕುತ್ತಾಗಬಹುದು, "ಮಣ್ಣಿದೆ ತಾನೆ?" ಅಂತ ಡಾಕ್ಟರು ಕೇಳಿದಾಗ, ಇದೆ ಅಂದೆ. ಪೇಪರ್ ನೆನಪಾಯಿತು.

ಮನೆಗೆ ತಂದ ಮೂರನೇ ಸಂಜೆ ಗುಡ್ಡೆಯ ನೆತ್ತಿಯಲ್ಲಿ ಕಲ್ಲವ್ವ (ಅಮ್ಮ ಅವತ್ತೇ ಹೆಸರು ತಿದ್ದಿದ್ದಳು) ಬೆನ್ನು ಹಾಕಿ ನಿಂತಳು. ಹಿಂಗಾಲಲ್ಲಿ ಒಂದು ಸಲ ಎಡ, ಒಂದು ಸಲ ಬಲ. ಒಂದೊಂದು ಸಲವೂ ಒಂದು ಚಮಚೆಯಷ್ಟು ಮಣ್ಣು ಎತ್ತಿ ಪಕ್ಕಕ್ಕೆ ಇಡುತ್ತಿದ್ದಳು. ನಡುವೆ ಉಚ್ಚೆ ಹೊಯ್ದು ಮಣ್ಣು ಮೆದು ಮಾಡಿಕೊಂಡಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಎರಡು ಗಂಟೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಮೂರು ಮೊಟ್ಟೆ ಇಟ್ಟು, ಅದೇ ಕಾಲಿನಿಂದ ಮಣ್ಣು ಎಳೆದು ಮುಚ್ಚಿ, ಹೊಟ್ಟೆ ಊರಿ ಒತ್ತಿ ಒತ್ತಿ ಸಮ ಮಾಡಿ ಬಿಲಕ್ಕೆ ಇಳಿದಳು.

ಬರಡು ಮೊಟ್ಟೆ ಒಳಗೇ ಕೊಳೆಯುವುದು ಬೇಡವೆಂದು ಮರುದಿನ ತೆಗೆಯಲು ಹೋದರೆ ಜಾಗ ಯಾವುದೆಂದೇ ತಿಳಿಯಲಿಲ್ಲ. ಅಷ್ಟು ನಯವಾಗಿ ಮುಚ್ಚಿದ್ದಳು. ಮೂರು ಕಡೆ ತೋಡಿದ ಮೇಲೆ ಸಿಕ್ಕವು. ಅಮ್ಮ ಆ ಗುಂಡಿಯ ಮಣ್ಣನ್ನೇ ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದು ಬಿಡಿಸಿದಳು. ಉಂಡೆ ನಿಂತಿತು, ಹೆಬ್ಬೆರಳು ತಾಗಿದಾಗ ಉದುರಿತು. "ಸರಿಯಾಗಿದೆ" ಅಂದು ಕೈ ತೊಳೆಯಲು ಎದ್ದುಹೋದಳು.